ಎರಡನೇ ಬೀದಿಯ ಒರೆಗಲ್ಲು: ಎಸ್ಕಿಯಾ ಎಂಫಾಹ್ಲೆಲೆ ಅವರ ಬದುಕು ಮತ್ತು ವಿಚಾರ



ಶಾಲಾ ಮೇಷ್ಟರೊಬ್ಬರ ನೆನಪಿಗೆ ಅವರ ಮಕ್ಕಳು ಇಟ್ಟಿರುವ ದತ್ತಿಯ ಉಪನ್ಯಾಸ ಇದು. ಆಹ್ವಾನ ಬಂದ ದಿನವೇ ನನಗೆ ಇನ್ನೊಬ್ಬ ಮೇಷ್ಟರು ನೆನಪಾದರು. ಪಾಠ ಹೇಳುವುದೇ ಬದುಕು ಎಂದುಕೊಂಡಿದ್ದವರು. ಆ ಕೆಲಸವನ್ನು ಸರ್ಕಾರ ಕಿತ್ತುಕೊಂಡ ಮೇಲೆ ದೇಶವನ್ನೇ ಬಿಟ್ಟು ಹೋದವರು. ಅವರೇ ದಕ್ಷಿಣ ಆಫ್ರಿಕಾದ ವಿಮರ್ಶಕ, ಪ್ರಬಂಧಕಾರ ಎಸ್ಕಿಯಾ ಎಂಫಾಹ್ಲೆಲೆ.

ಅವರ ಬಗ್ಗೆ ನಾನು ಹೇಳಬೇಕೆಂದಿರುವುದು ಒಂದೇ ಮಾತು. ಬಿಳಿಯರ ಬರವಣಿಗೆಯನ್ನು ಯಾವ ಕಲ್ಲಿಗೆ ಒರೆದು ನೋಡಿದರೋ ಅದೇ ಕಲ್ಲಿಗೆ ಅವರು ತಮ್ಮವರ ಬರವಣಿಗೆಯನ್ನೂ ಒರೆದರು, ತಮ್ಮದನ್ನೂ ಒರೆದರು. ವಿಮರ್ಶೆಯಲ್ಲಿ ಇದಕ್ಕಿಂತ ಕಷ್ಟದ ಕೆಲಸ ನನಗೆ ತಿಳಿದ ಮಟ್ಟಿಗೆ ಬೇರೊಂದಿಲ್ಲ.

1. ಹಿತ್ತಿಲ ಬಾಗಿಲಲ್ಲಿ ನಿಂತ ಹುಡುಗ

ಎಂಫಾಹ್ಲೆಲೆ ಹುಟ್ಟಿದ್ದು 1919ರ ಡಿಸೆಂಬರ್ 17ರಂದು, ಪ್ರಿಟೋರಿಯಾದ ಕರಿಯರ ಕೇರಿ ಮಾರಾಬಾಸ್ಟಾಡ್‌ನಲ್ಲಿ. ಎಳೆಯ ವಯಸ್ಸಿನಲ್ಲೇ ಅವರನ್ನು ಉತ್ತರದ ಮೌಪಾನೆಂಗ್ ಎಂಬ ಹಳ್ಳಿಗೆ, ಅಪ್ಪನ ತಾಯಿಯ ಬಳಿಗೆ ಕಳಿಸಿದರು. ಅಲ್ಲಿ ಆಡು, ದನ ಕಾಯುತ್ತ ಬೆಳೆದ ಹುಡುಗ ಮತ್ತೆ ಪ್ರಿಟೋರಿಯಾಕ್ಕೆ ಬಂದಾಗ ಸಂಸಾರ ಒಡೆಯುವ ಹಂತದಲ್ಲಿತ್ತು. ಅಪ್ಪನ ಕುಡಿತ, ಹೊಡೆತ ತಾಳಲಾರದಷ್ಟಾಯಿತು. ಒಂದು ದಿನ ಅಪ್ಪ ಅವರ ಬದುಕಿನಿಂದಲೇ ಮರೆಯಾದ. ಮಕ್ಕಳನ್ನು ಸಾಕಿದ್ದು ಅಮ್ಮ, ಅಮ್ಮನ ಕಡೆಯ ಅಜ್ಜಿ, ಚಿಕ್ಕಮ್ಮ. ಅವರ ಮನೆ ಇದ್ದದ್ದು ಸೆಕೆಂಡ್ ಅವೆನ್ಯೂ, ಅಂದರೆ ಎರಡನೇ ಬೀದಿಯಲ್ಲಿ.

1959ರಲ್ಲಿ ಪ್ರಕಟವಾದ ಅವರ ಆತ್ಮಕಥೆ ‘ಡೌನ್ ಸೆಕೆಂಡ್ ಅವೆನ್ಯೂ’ವಿನಲ್ಲಿ ಆ ಬೀದಿ ಕಣ್ಣಿಗೆ ಕಟ್ಟುತ್ತದೆ. ಬೀದಿ ನಲ್ಲಿಯ ಮುಂದೆ ಸಾಲುಗಟ್ಟಿದ ಹೆಂಗಸರ ಮಾತು. ಪೊಲೀಸರ ಕಣ್ಣು ತಪ್ಪಿಸಿ ನೆಲದಲ್ಲಿ ಹೂತಿಟ್ಟ ಬಿಯರಿನ ಡಬ್ಬಿಗಳು. ನಡುರಾತ್ರಿಯ ದಾಳಿ. ಮನೆಯ ಹೆಂಗಸರು ಬಿಳಿಯರ ಬಟ್ಟೆ ಒಗೆದು ಕಾಸು ಕೂಡಿಸುತ್ತಿದ್ದರು. ಕೊಳೆಬಟ್ಟೆ ತರುವುದು, ಒಗೆದದ್ದನ್ನು ತಲುಪಿಸುವುದು ಹುಡುಗನ ಪಾಲಿನ ಕೆಲಸ. ಸೈಕಲ್ಲಿನ ಮೇಲೆ ಗಂಟು ಹೇರಿಕೊಂಡು ಬಿಳಿಯರ ಬಡಾವಣೆಗೆ ಹೋಗಿ ಹಿತ್ತಿಲ ಬಾಗಿಲಲ್ಲಿ ಕಾಯಬೇಕು.

ಆ ಬಾಗಿಲನ್ನು ನೆನಪಿಟ್ಟುಕೊಳ್ಳಿ. ಅಲ್ಲಿ ನಿಂತ ಹುಡುಗನನ್ನು ಒಳಗಿನವರು ನೋಡುತ್ತಿದ್ದರು. ಅವನ ಕಣ್ಣೂ ಒಳಗಿನವರನ್ನು ನೋಡುತ್ತಿತ್ತು. ಅವರ ವಿಮರ್ಶೆಯ ಬೇರು ಇರುವುದು ಅಲ್ಲಿ.

2. ಕೆಲಸ ಕಳೆದುಕೊಂಡ ಮೇಷ್ಟರು

ಸೇಂಟ್ ಪೀಟರ್ಸ್ ಶಾಲೆ, ನಟಾಲ್‌ನ ಆಡಮ್ಸ್ ಕಾಲೇಜು ಮುಗಿಸಿ, ಅಂಧರ ಸಂಸ್ಥೆಯೊಂದರಲ್ಲಿ ದುಡಿದು, 1945ರಲ್ಲಿ ಅವರು ಜೊಹಾನ್ಸ್‌ಬರ್ಗ್ ಪಕ್ಕದ ಆರ್ಲ್ಯಾಂಡೊ ಹೈಸ್ಕೂಲಿನಲ್ಲಿ ಮೇಷ್ಟರಾದರು. ಕರಿಯ ಮಕ್ಕಳಿಗೆ ಕೂಲಿಗೆ ಬೇಕಾದಷ್ಟೇ ಓದು ಸಾಕು ಎಂಬ ‘ಬಂಟು ಶಿಕ್ಷಣ’ ಆಗ ರೂಪುಗೊಳ್ಳುತ್ತಿತ್ತು. ಎಂಫಾಹ್ಲೆಲೆ ಮತ್ತು ಅವರ ಸಂಗಾತಿ ಶಿಕ್ಷಕರು ಅದನ್ನು ಬಹಿರಂಗವಾಗಿ ವಿರೋಧಿಸಿದರು. 1952ರಲ್ಲಿ ಅವರನ್ನು ಕೆಲಸದಿಂದ ತೆಗೆದುಹಾಕಲಾಯಿತು. ಸರ್ಕಾರಿ ಶಾಲೆಗಳ ಬಾಗಿಲು ಅವರಿಗೆ ಮುಚ್ಚಿತು.

ಹೊಟ್ಟೆಪಾಡಿಗೆ ‘ಡ್ರಮ್’ ಪತ್ರಿಕೆ ಸೇರಿ ಕಥಾವಿಭಾಗ ನೋಡಿಕೊಂಡರು. ಆದರೆ ಓದು ನಿಲ್ಲಲಿಲ್ಲ. ಅಂಚೆ ಮೂಲಕವೇ ಬಿ.ಎ. ಮುಗಿಸಿದ್ದವರು ಅದೇ ದಾರಿಯಲ್ಲಿ ಎಂ.ಎ.ಯನ್ನೂ ಉನ್ನತ ಶ್ರೇಣಿಯಲ್ಲಿ ಪಡೆದರು. 1957ರಲ್ಲಿ ಹೆಂಡತಿ ರೆಬೆಕಾ, ಮಕ್ಕಳೊಡನೆ ಬದುಕು ಕಟ್ಟಿಕೊಳ್ಳಲು ನೈಜೀರಿಯಾದ ದಾರಿ ಹಿಡಿದರು. ದೇಶಾಂತರದ ಆ ಬದುಕು 20 ವರ್ಷ ನಡೆಯಿತು.

3. ಒರೆಗಲ್ಲು

ಎಂ.ಎ.ಗೆ ಅವರು ಆರಿಸಿಕೊಂಡ ವಿಷಯ, ದಕ್ಷಿಣ ಆಫ್ರಿಕಾದ ಇಂಗ್ಲಿಷ್ ಕಥೆ ಕಾದಂಬರಿಗಳಲ್ಲಿ ಬಿಳಿಯರಲ್ಲದ ಪಾತ್ರಗಳು. ಆ ಪ್ರಬಂಧವೇ ಬೆಳೆದು, ಹೊಸ ಲೇಖನಗಳನ್ನು ಕೂಡಿಸಿಕೊಂಡು, 1962ರಲ್ಲಿ ‘ದಿ ಆಫ್ರಿಕನ್ ಇಮೇಜ್’ ಆಯಿತು. ಆಫ್ರಿಕಾದವರೇ ಬರೆದ ಸಾಹಿತ್ಯ ವಿಮರ್ಶೆಯ ಮೊದಮೊದಲ ಪುಸ್ತಕಗಳಲ್ಲಿ ಇದೊಂದು.

ಅದರಲ್ಲಿ ಅವರು ಕೇಳುವ ಪ್ರಶ್ನೆ ಸರಳವಾದದ್ದು: ಈ ಪಾತ್ರ ಮನುಷ್ಯನೋ, ಅಥವಾ ಮನುಷ್ಯನ ವೇಷ ತೊಟ್ಟ ಒಂದು ಅಭಿಪ್ರಾಯವೋ? ಸಾರಾ ಗರ್ಟ್ರೂಡ್ ಮಿಲಿನ್ ಅವರ ಕಾದಂಬರಿಗಳಲ್ಲಿ ರಕ್ತ ಬೆರೆತರೆ ಕಳಂಕ ಎಂಬ ನಂಬಿಕೆಯೇ ಪಾತ್ರಗಳ ಹಣೆಬರಹವನ್ನು ಮೊದಲೇ ಬರೆದುಬಿಡುತ್ತದೆ. ಇಂಥದ್ದನ್ನು ಖಂಡಿಸುವುದು ಸುಲಭ. ಅಲನ್ ಪೇಟನ್ ಅವರ ಮುಂದೆ ನಿಂತಾಗ ಕೆಲಸ ಕಠಿಣವಾಗುತ್ತದೆ. 1948ರ ‘ಕ್ರೈ, ದಿ ಬಿಲವ್ಡ್ ಕಂಟ್ರಿ’ ಕರಿಯರ ಪರ ಮರುಗಿದ ಕಾದಂಬರಿ, ಲೋಕವೆಲ್ಲ ಮೆಚ್ಚಿದ್ದು. ಆದರೂ ಎಂಫಾಹ್ಲೆಲೆಗೆ ಅದರ ಪಾತ್ರಗಳು ಚಪ್ಪಟೆಯಾಗಿ ಕಂಡವು. ಪಾದ್ರಿ ಕುಮಾಲೊ ಉದ್ದಕ್ಕೂ ಒಳ್ಳೆಯವನು, ತಾಳ್ಮೆಯವನು. ಉಪದೇಶದ ಭಾರ ಅವನನ್ನು ಅಲುಗಾಡಲು ಬಿಡುವುದಿಲ್ಲ. ವಿಲಿಯಂ ಪ್ಲೋಮರ್ ಅವರಲ್ಲಿ, ಮುಂದೆ ನಾಡಿನ್ ಗಾರ್ಡಿಮರ್ ಅವರಲ್ಲಿ ಉಸಿರಾಡುವ ಮನುಷ್ಯರು ಸಿಕ್ಕಾಗ ಬಿಚ್ಚುಮನಸ್ಸಿನಿಂದ ಮೆಚ್ಚಿದರು. ಎಂದರೆ ಅವರು ನೋಡುತ್ತಿದ್ದದ್ದು ಬರೆದವರ ಚರ್ಮವನ್ನಲ್ಲ.

ದ್ವೇಷ ಮನುಷ್ಯನನ್ನು ಕುಗ್ಗಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕನಿಕರವೂ ಕುಗ್ಗಿಸಬಲ್ಲದು ಎಂದು ತೋರಿಸಿಕೊಟ್ಟದ್ದು ಈ ಪುಸ್ತಕದ ಹೆಚ್ಚುಗಾರಿಕೆ.

1967ರ ‘ಮಿಸೆಸ್ ಪ್ಲಮ್’ ಎಂಬ ನೀಳ್ಗತೆಯಲ್ಲಿ ಇದೇ ವಿಚಾರ ಕಥೆಯ ರೂಪ ತಾಳಿತು. ಜೊಹಾನ್ಸ್‌ಬರ್ಗಿನ ಉದಾರವಾದಿ ಬಿಳಿ ಯಜಮಾನಿ. ಕರಿಯರ ಹಕ್ಕಿನ ಬಗ್ಗೆ ಬರೆಯುವವಳು, ನಾಯಿಗಳನ್ನು ಮುದ್ದಿಸುವವಳು. ಕಥೆ ಹೇಳುವವಳು ಮಾತ್ರ ಮನೆಗೆಲಸದ ಕರಾಬೊ. ಹಿತ್ತಿಲ ಬಾಗಿಲಿನ ಕಣ್ಣಿಗೆ ಇಲ್ಲಿ ಬಾಯಿ ಬಂದಿದೆ.

4. ಅದೇ ಕಲ್ಲು, ತಮ್ಮವರಿಗೂ

ಇಷ್ಟಕ್ಕೇ ನಿಂತಿದ್ದರೆ ಅವರು ಒಳ್ಳೆಯ ವಿಮರ್ಶಕರಾಗಿಯಷ್ಟೇ ಉಳಿಯುತ್ತಿದ್ದರು. ಆದರೆ ಅದೇ ಕಲ್ಲಿಗೆ ತಮ್ಮವರನ್ನೂ ಒರೆಯುವ ಸಂದರ್ಭ ಒದಗಿತು. 1961ರಲ್ಲಿ ಅವರು ಪ್ಯಾರಿಸ್ಸಿಗೆ ಬಂದರು. ಕಾಂಗ್ರೆಸ್ ಫಾರ್ ಕಲ್ಚರಲ್ ಫ್ರೀಡಂ ಎಂಬ ಸಂಸ್ಥೆಯ ಆಫ್ರಿಕಾ ವಿಭಾಗದ ಹೊಣೆ ಹೊತ್ತರು. 1962ರಲ್ಲಿ ಕಂಪಾಲಾದ ಮಕೆರೆರೆಯಲ್ಲಿ ಅಚೆಬೆ, ಸೋಯಿಂಕಾ, ಇನ್ನೂ ವಿದ್ಯಾರ್ಥಿಯಾಗಿದ್ದ ಗೂಗಿ ಕಲೆತ ಲೇಖಕರ ಸಮ್ಮೇಳನದ ಹಿಂದೆ ಅವರ ದುಡಿಮೆಯಿತ್ತು. ಆ ಸಂಸ್ಥೆಗೆ ಅಮೆರಿಕದ ಗುಪ್ತಚರ ಇಲಾಖೆಯ ಹಣ ಹರಿದಿತ್ತೆಂಬುದು ಕೆಲವೇ ವರ್ಷಗಳಲ್ಲಿ ಬಯಲಾಯಿತು. ಆ ಕಾಲದ ಸಾಂಸ್ಕೃತಿಕ ಚರಿತ್ರೆಯನ್ನು ಓದುವವರು ಈ ನೆರಳನ್ನೂ ಗಮನಿಸಬೇಕು.

ಆಗ ಫ್ರೆಂಚ್ ಭಾಷೆಯ ಕರಿಯ ಕವಿಗಳಲ್ಲಿ ‘ನೆಗ್ರಿಟ್ಯೂಡ್’ ವಿಚಾರ ಬಲವಾಗಿತ್ತು. ಸೆಂಘೋರ್, ಸೆಜೇರ್ ಮೊದಲಾದವರು ಕರಿಯತನವನ್ನು ಹೆಮ್ಮೆಯಿಂದ ಹಾಡಿದ್ದರು. ಸೆಂಘೋರ್ ಆಗ ಸೆನೆಗಲ್‌ನ ಅಧ್ಯಕ್ಷರು. ಅವರ ರಾಜಧಾನಿ ಡಾಕಾರ್‌ನಲ್ಲೇ, 1963ರ ಸಮ್ಮೇಳನವೊಂದರಲ್ಲಿ, ಎಂಫಾಹ್ಲೆಲೆ ಎದ್ದು ನಿಂತು ತಮ್ಮ ತಕರಾರು ಹೇಳಿದರು. ವಸಾಹತುಶಾಹಿಗೆ ಪ್ರತಿಭಟನೆಯಾಗಿ ನೆಗ್ರಿಟ್ಯೂಡ್ ಹುಟ್ಟಿದ್ದು ಸಹಜ ಎಂದು ಒಪ್ಪಿದರು. ಆದರೆ ಆಫ್ರಿಕಾವನ್ನು ಬರೀ ಮುಗ್ಧತೆಯ, ಪಾವಿತ್ರ್ಯದ ನಾಡಾಗಿ ಚಿತ್ರಿಸುವ ಕಾವ್ಯವನ್ನು ಒಪ್ಪಲಿಲ್ಲ. ಆಫ್ರಿಕಾದವರಿಗೆ ಕ್ರೌರ್ಯವೇ ಗೊತ್ತಿಲ್ಲ ಎಂಬಂತೆ ಬರೆಯುವುದು ಅವರಿಗೆ ಅವಮಾನವಾಗಿ ಕಂಡಿತು. ಅಪ್ಪನ ಹೊಡೆತವನ್ನೂ ಅಜ್ಜಿಯ ಅಕ್ಕರೆಯನ್ನೂ ಉಂಡವರ ಮಾತದು. ಬಿಳಿಯ ಕಾದಂಬರಿಕಾರ ಮಾಡಿದ ಸಾಧು ಪಾದ್ರಿಗೂ ಕರಿಯ ಕವಿ ಮಾಡಿದ ಮುಗ್ಧ ಆಫ್ರಿಕನ್ನನಿಗೂ ನಡುವಿನ ಬಂಧುತ್ವವನ್ನು ಅವರು ಗುರುತಿಸಿದ್ದರು.

ತಮ್ಮ ವಿಷಯದಲ್ಲೂ ರಿಯಾಯಿತಿ ಕೊಟ್ಟುಕೊಳ್ಳಲಿಲ್ಲ. 1946ರ ತಮ್ಮ ಮೊದಲ ಕಥಾಸಂಕಲನ ‘ಮ್ಯಾನ್ ಮಸ್ಟ್ ಲಿವ್’ ಎಳಸು ಎಂದು ತಾವೇ ಬದಿಗಿಟ್ಟರು. ‘ದಿ ಆಫ್ರಿಕನ್ ಇಮೇಜ್’ ಮರುಮುದ್ರಣದ ಹೊತ್ತಿಗೆ ಹಳೆಯದನ್ನು ಹಾಗೆಯೇ ಅಚ್ಚು ಹಾಕಿಸದೆ, ಬಹುಪಾಲು ತಿದ್ದಿ ಬರೆದು 1974ರಲ್ಲಿ ಹೊರತಂದರು. ಅಮೆರಿಕದಲ್ಲಿ ಕರಿಯರ ಹೋರಾಟವನ್ನು ಹತ್ತಿರದಿಂದ ಕಂಡ ಮೇಲೆ ಕರಿಯ ಪ್ರಜ್ಞೆಯ ಬಗ್ಗೆ ಅವರ ನಿಲುವು ಮೊದಲಿಗಿಂತ ಮೃದುವಾಗಿತ್ತು.

5. ನೆಲದ ಹಿಡಿತ

ನೈಜೀರಿಯಾ, ಪ್ಯಾರಿಸ್, ಕೀನ್ಯಾ, ಜಾಂಬಿಯಾ, ಅಮೆರಿಕ: ಹೋದಲ್ಲೆಲ್ಲ ಪಾಠ ಹೇಳಿದರು, ಸಂಸ್ಥೆ ಕಟ್ಟಿದರು. ನೈರೋಬಿಯಲ್ಲಿ ಕಟ್ಟಿದ ಕಲಾಕೇಂದ್ರದ ಹೆಸರು ‘ಚೆಮ್‌ಚೆಮಿ’. ಸ್ವಾಹಿಲಿಯಲ್ಲಿ ಚಿಲುಮೆ ಎಂದರ್ಥ. ಆದರೆ ಯಾವ ಊರೂ ಅವರದಾಗಲಿಲ್ಲ. 1966ರಲ್ಲಿ ಅವರ ಬರಹಗಳಿಗೆ ತಾಯ್ನಾಡಿನಲ್ಲಿ ನಿಷೇಧ ಬಿತ್ತು. ಯಾರಿಗಾಗಿ ಬರೆಯುತ್ತಿದ್ದರೋ ಅವರೇ ಓದುವಂತಿರಲಿಲ್ಲ. ಹುಟ್ಟಿದ ಜಾಗ ಲೇಖಕನ ಮೇಲೆ ದಬ್ಬಾಳಿಕೆ ನಡೆಸುತ್ತದೆ, ಆ ದಬ್ಬಾಳಿಕೆಯಿಂದಲೇ ಅವನಿಗೆ ಬರೆಯುವ ಶಕ್ತಿ ಬರುತ್ತದೆ ಎಂಬ ವಿಚಾರ ಅವರ ಪ್ರಬಂಧಗಳಲ್ಲಿ ಬೇರೂರಿದ್ದು ಈ ಅಲೆದಾಟದಲ್ಲಿ.

1977ರಲ್ಲಿ, ಸೊವೆಟೊ ದಂಗೆಯ ಮರುವರ್ಷ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕೆಲಸ ಬಿಟ್ಟು ಅವರು ಮರಳಿದರು. ವರ್ಣಭೇದದ ಆಳ್ವಿಕೆ ಆಗಿನ್ನೂ ಗಟ್ಟಿಯಾಗಿತ್ತು. ಹೊರಗುಳಿದ ಗೆಳೆಯರಲ್ಲಿ ಹಲವರು ನೊಂದರು, ಕೆಲವರು ಸಿಟ್ಟಾದರು. ಬಂದವರಿಗೆ ಮೊದಲು ದಕ್ಕಿದ್ದು ಶಾಲಾ ಇನ್‌ಸ್ಪೆಕ್ಟರ್ ಕೆಲಸ. ಬಳಿಕ ಅವರು ವಿಟ್‌ವಾಟರ್ಸ್‌ರ್ಯಾಂಡ್ ವಿಶ್ವವಿದ್ಯಾಲಯದ ಮೊದಲ ಕರಿಯ ಪ್ರಾಧ್ಯಾಪಕರಾದರು. 1983ರಲ್ಲಿ ಅಲ್ಲಿ ಆಫ್ರಿಕನ್ ಸಾಹಿತ್ಯ ವಿಭಾಗ ಸ್ಥಾಪಿಸಿದರು. ಎಝೆಕಿಯಲ್ ಎಂಬ ಹೆಸರನ್ನು ಎಸ್ಕಿಯಾ ಎಂದು ತಮ್ಮವರ ಬಾಯಿಗೆ ಒಗ್ಗುವಂತೆ ಬದಲಿಸಿಕೊಂಡದ್ದೂ ಮರಳಿದ ಮೇಲೆಯೇ.

ಕೊನೆಯ ದಶಕಗಳಲ್ಲಿ ಅವರು ‘ಆಫ್ರಿಕನ್ ಮಾನವತಾವಾದ’ವನ್ನು ಒತ್ತಿ ಹೇಳಿದರು. ಮನುಷ್ಯ ಮನುಷ್ಯನಾಗುವುದು ಇತರ ಮನುಷ್ಯರಿಂದ ಎಂಬುದು ಅವರ ಸೀಮೆಯ ಗಾದೆ. ಅದು ಅವರಿಗೆ ಪುಸ್ತಕದಿಂದ ಬಂದದ್ದಲ್ಲ. ಅಪ್ಪನಿಲ್ಲದ ಮನೆಯಲ್ಲಿ ಮೂರು ಹೆಂಗಸರು ದುಡಿದು ಮಕ್ಕಳನ್ನು ಓದಿಸಿದ್ದರಿಂದ ಬಂದದ್ದು. 2008ರ ಅಕ್ಟೋಬರ್ 27ರಂದು, 88ನೇ ವಯಸ್ಸಿನಲ್ಲಿ, ಬಾಲ್ಯದ ಸೀಮೆಯಲ್ಲೇ ಇರುವ ಲೆಬೊವಾಕ್ಗೊಮೊದಲ್ಲಿ ಅವರು ತೀರಿಕೊಂಡರು.

ವಿದ್ಯಾರ್ಥಿ ಮಿತ್ರರೆ, ನಮ್ಮ ಕನ್ನಡದ ಆತ್ಮಕಥೆ ‘ಊರು ಕೇರಿ’ಯನ್ನು ಓದಿದವರಿಗೆ ಎರಡನೇ ಬೀದಿ ದೂರದ್ದಲ್ಲ. ನೀವು ಯಾವ ಕಾದಂಬರಿ ಕೈಗೆತ್ತಿಕೊಂಡರೂ ಅದರ ಹಿತ್ತಿಲ ಬಾಗಿಲಿಗೆ ಹೋಗಿ ನೋಡಿ. ಅಲ್ಲಿ ಗಂಟು ಹೊತ್ತು ಯಾರು ನಿಂತಿದ್ದಾರೆ? ಅವರಿಗೆ ಹೆಸರಿದೆಯೆ, ಸಿಟ್ಟಿದೆಯೆ, ತಪ್ಪು ಮಾಡುವ ಸ್ವಾತಂತ್ರ್ಯವಿದೆಯೆ? ನಿಮಗೆ ಇಷ್ಟವಾಗದ ಲೇಖಕರನ್ನು ಹೀಗೆ ಕೇಳುವುದು ಹಗುರ. ಮೆಚ್ಚಿದವರನ್ನೂ ಕೇಳಿ. ಮುಂದೊಂದು ದಿನ ನೀವೇ ಬರೆದಾಗ, ಅಚ್ಚಿಗೆ ಕೊಡುವ ಮುನ್ನ, ಅದೇ ಬಾಗಿಲಿಗೆ ಇನ್ನೊಮ್ಮೆ ಹೋಗಿ ಬನ್ನಿ.