ಉಗುಳಿನ ಕಲೆ ಮತ್ತು ಅದನ್ನು ತೊಳೆಯುವ ಕೈ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ನೈರ್ಮಲ್ಯ ಎಂದೊಡನೆ ಪಂಚಾಯತಿ ಸಭೆಗಳಲ್ಲಿ ಶೌಚಾಲಯ, ಚರಂಡಿ, ಕಸ ವಿಲೇವಾರಿ ಈ ಮೂರರ ಚರ್ಚೆ ನಡೆಯುತ್ತದೆ. ಅವುಗಳಿಗೆ ಅನುದಾನವಿದೆ, ಅಂದಾಜು ಪಟ್ಟಿಯಿದೆ, ಅಳತೆ ಪುಸ್ತಕವಿದೆ. ಅಳತೆ ಪುಸ್ತಕಕ್ಕೆ ಏರದ ಒಂದು ವಿಷಯ ಮಾತ್ರ ಕಾರ್ಯಸೂಚಿಯಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಕಚೇರಿಯ ಮೆಟ್ಟಿಲ ತಿರುವು, ಬಸ್ ತಂಗುದಾಣದ ಕಂಬ, ನ್ಯಾಯಬೆಲೆ ಅಂಗಡಿಯ ಕಟ್ಟೆ, ನೀರಿನ ಟ್ಯಾಂಕಿನ ಬುಡ, ಶಾಲೆಯ ಕಾಂಪೌಂಡು, ಇಲ್ಲೆಲ್ಲ ಸೊಂಟದೆತ್ತರದಿಂದ ನೆಲದವರೆಗೆ ಇಳಿದಿರುವ ಕೆಂಪು ಕಲೆಯೇ ಆ ವಿಷಯ.

ಮೂಗು ಸೀಟಿ ಕೈಯನ್ನು ಕಂಬಕ್ಕೆ ಒರೆಸುವುದು, ಗೋಡೆಗೆ ಮುಖಮಾಡಿ ಮೂತ್ರಕ್ಕೆ ನಿಲ್ಲುವುದು, ಕುಡಿಯುವ ನೀರಿನ ನಲ್ಲಿಯ ಕೆಳಗೇ ಬಾಯಿ ಮುಕ್ಕಳಿಸಿ ಉಗಿಯುವುದು, ಇವೂ ನೋಡುವವರಿಗೆ ಹೇಸಿಗೆ ತರಿಸುವ ಅಭ್ಯಾಸಗಳೇ. ಅವನ್ನು ಇಲ್ಲಿ ಬದಿಗಿರಿಸಲಾಗಿದೆ. ಮೂಗು ಸೀಟುವವರು ಕೆಲವರು. ಉಗಿಯುವವರು ಬಹಳ ಮಂದಿ, ಅದೂ ಸಾರ್ವಜನಿಕ ಕಟ್ಟಡವನ್ನೇ ಹುಡುಕಿ ಉಗಿಯುವವರು.

ಹಳ್ಳಿಯ ಬಸ್ಸಿನಲ್ಲಿ ಮುಂದಿನ ಆಸನದವರು ಕಿಟಕಿಯಿಂದ ತಲೆ ಹೊರಹಾಕಿದರೆ ಹಿಂದಿನ ಆಸನದವರು ಸರಕ್ಕನೆ ಗಾಜು ಎಳೆದುಕೊಳ್ಳುತ್ತಾರೆ. ಹೊರಗೆ ಉಗಿದದ್ದು ಗಾಳಿಯ ರಭಸಕ್ಕೆ ಹಿಂದಕ್ಕೆ ಬರುತ್ತದೆಂದು ಯಾರೂ ಕಲಿಸಬೇಕಾಗಿಲ್ಲ, ಒಮ್ಮೆ ಮುಖಕ್ಕೆ ಬಿದ್ದರೆ ಸಾಕು. ಆದರೂ ಬಾಯಿಬಿಟ್ಟು ಆಕ್ಷೇಪಿಸುವವರಿಲ್ಲ. ಉಗಿದವರು ಪರಿಚಿತರು, ವಯಸ್ಸಿನಲ್ಲಿ ಹಿರಿಯರು, ಇಲ್ಲವೆ ನಾಳೆ ಯಾವುದೋ ಕೆಲಸಕ್ಕೆ ಬೇಕಾದವರು. ಎಲ್ಲರೂ ಎಲ್ಲರಿಗೂ ಗೊತ್ತಿರುವ ಊರಿನಲ್ಲಿ ಅಸಹ್ಯವನ್ನು ನುಂಗಿಕೊಳ್ಳುವುದೇ ಸೌಜನ್ಯವೆನಿಸಿಬಿಟ್ಟಿದೆ.

ತಾಂಬೂಲ ಈ ನಾಡಿಗೆ ಹೊಸದಲ್ಲ. ಮದುವೆಯ ಮಾತು ಗಟ್ಟಿಯಾಗುವುದು ತಾಂಬೂಲ ಬದಲಾಯಿಸಿಕೊಂಡಾಗ. ಮೈಸೂರು ವೀಳ್ಯದೆಲೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಕರ್ನಾಟಕವೇ, ಸದಸ್ಯರಲ್ಲಿಯೂ ತೋಟದವರು ಇದ್ದೇ ಇರುತ್ತಾರೆ. ಇಲ್ಲಿನ ಮಾತು ಬೆಳೆಯ ವಿರುದ್ಧವಲ್ಲ. ಹಳೆಯ ಮನೆಗಳಲ್ಲಿ ಎಲೆ ಹಾಕಿಕೊಳ್ಳುವುದು ಕುಳಿತು ಮಾಡುವ ಕೆಲಸವಾಗಿತ್ತು. ಜಗಲಿಯ ಮೇಲೆ ಚಾಪೆ, ತಟ್ಟೆ, ಅಡಕತ್ತರಿ, ಸುಣ್ಣದ ಡಬ್ಬಿ, ಪಕ್ಕದಲ್ಲಿ ಹಿತ್ತಾಳೆಯ ಪೀಕದಾನಿ. ಪೀಕದಾನಿ ಇಲ್ಲದ ಮನೆಯವರು ಎದ್ದು ತಿಪ್ಪೆಯ ಬದಿಗೆ ಹೋಗಿ ಉಗಿದು, ಚೊಂಬಿನ ನೀರಿನಲ್ಲಿ ಬಾಯಿ ಮುಕ್ಕಳಿಸಿ ಬರುತ್ತಿದ್ದರು. ತನ್ನ ಜಗಲಿಯ ಗೋಡೆಗೆ ಉಗಿದುಕೊಂಡ ಯಜಮಾನನನ್ನು ಯಾರೂ ಕಂಡಿರಲಾರರು. ಪೀಕದಾನಿಯನ್ನು ತೊಳೆಯುತ್ತಿದ್ದವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಆ ಕಾಲವೂ ಕೇಳಿಕೊಳ್ಳಲಿಲ್ಲ.

ಪೊಟ್ಟಣ ಬಂದ ಮೇಲೆ ಜಗಿಯುವುದು ನಡೆಯುತ್ತ, ನಿಂತು, ಬೈಕ್ ಓಡಿಸುತ್ತ ಮಾಡುವ ಕೆಲಸವಾಯಿತು. ಕುಳಿತಲ್ಲಿಯೇ ಜಗಿಯುವವನಿಗೆ ಉಗಿಯುವ ಜಾಗ ಗೊತ್ತಿರುತ್ತದೆ. ನಡೆಯುತ್ತ ಜಗಿಯುವವನಿಗೆ ಕಂಡದ್ದೇ ಜಾಗ. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರ ಮೇ ತಿಂಗಳ ಕೊನೆಯಲ್ಲಿ. ಅಂದಿನಿಂದ ಪಾನ್ ಮಸಾಲೆ ಒಂದು ಪೊಟ್ಟಣದಲ್ಲಿ, ಹೊಗೆಸೊಪ್ಪು ಇನ್ನೊಂದರಲ್ಲಿ ಮಾರಾಟವಾಗುತ್ತವೆ. ಕೊಳ್ಳುವವನು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾನೆ. ಚರಂಡಿಗೆ ಬೀಳುತ್ತಿದ್ದ ಒಂದು ಪೊಟ್ಟಣ ಎರಡಾಯಿತು. ಗುಟ್ಕಾ, ಹೊಗೆಸೊಪ್ಪು ಮತ್ತು ಪಾನ್ ಮಸಾಲೆಯನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ತುಂಬಿ ಮಾರುವಂತಿಲ್ಲವೆಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಸ್ಪಷ್ಟವಾಗಿ ಹೇಳಿವೆ. ಆ ನಿಯಮದ ಗತಿಯನ್ನು ಯಾವುದೇ ಗೂಡಂಗಡಿಯ ಮುಂದೆ ನಿಂತು ನೋಡಬಹುದು.

ಕಲೆಯ ಬಗ್ಗೆ ಸ್ವಲ್ಪ ವಿವರ ಅಗತ್ಯ, ಏಕೆಂದರೆ ಅದು ಬಣ್ಣ ಬಳಿದರೆ ಹೋಗುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಅಡಿಕೆಯ ಒಗರಿಗೆ ಕಾರಣವಾದ ಟ್ಯಾನಿನ್ ಜಾತಿಯ ದ್ರವ್ಯಗಳು ಸುಣ್ಣದ ಕ್ಷಾರ ಸೇರಿದೊಡನೆ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ಕೆಂಪಾಗುತ್ತವೆ. ಸುಣ್ಣ ಬಳಿದ ಗೋಡೆಯಾಗಲಿ, ಸಿಮೆಂಟ್ ಗಿಲಾವಾಗಲಿ ಸೂಕ್ಷ್ಮ ರಂಧ್ರಗಳಿಂದ ಕೂಡಿದ್ದು, ಆ ದ್ರವವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒಣಗಿದ ಮೇಲೆ ನೀರು ಹಾಕಿ ಉಜ್ಜಿದರೆ ಕಲೆ ಹರಡುತ್ತದೆಯೇ ಹೊರತು ಹೊರಬರುವುದಿಲ್ಲ. ಮೇಲೆ ಬಳಿದ ತೆಳು ಬಣ್ಣದ ಮೂಲಕ ಮುಂದಿನ ಮಳೆಗಾಲದಲ್ಲಿ ಮತ್ತೆ ಇಣುಕುತ್ತದೆ. ಕಬ್ಬಿಣವೂ ಇದಕ್ಕೆ ಹೊರತಲ್ಲ. ಕೋಲ್ಕತ್ತದ ಹೌರಾ ಸೇತುವೆಯಲ್ಲಿ ತೂಗುಕಂಬಿಗಳ ಬುಡವನ್ನು ಮುಚ್ಚಿದ್ದ ಉಕ್ಕಿನ ಹೊದಿಕೆಗಳು ದಾರಿಹೋಕರ ಪಾನಿನ ಉಗುಳಿನಿಂದ ಸವೆದು, 6 ಮಿಲಿಮೀಟರ್ ದಪ್ಪವಿದ್ದವು 3 ಮಿಲಿಮೀಟರಿಗೆ ಇಳಿದಿವೆಯೆಂದು 2010ರ ದಶಕದ ಆರಂಭದಲ್ಲಿ ನಿರ್ವಾಹಕರೇ ತಿಳಿಸಿದ್ದರು. ಅನಂತರ ಫೈಬರ್ ಗ್ಲಾಸ್ ಹೊದಿಸಬೇಕಾಯಿತು. ಅಷ್ಟು ದೊಡ್ಡ ಸೇತುವೆಯ ಉಕ್ಕೇ ಹೀಗಾದರೆ ಗ್ರಾಮದ ಬಸ್ ತಂಗುದಾಣದ ತಗಡಿನ ಕಂಬದ ಬುಡವನ್ನು ಬಗ್ಗಿ ನೋಡುವುದು ಒಳಿತು.

ಇನ್ನು ತೊಳೆಯುವ ಮಾತು. ಕಚೇರಿ ತೆರೆಯುವ ಮೊದಲು ಬರುವವರು ಸ್ವಚ್ಛತಾಗಾರರು, ಅನೇಕ ಕಡೆ ಮಹಿಳೆ. ಅವರ ಬಳಿ ಒಂದು ಪೊರಕೆ, ಒಂದು ಬಕೆಟ್ಟು, ಒಂದು ತೆಂಗಿನ ನಾರು. ಕೈಗವಸು ಖರೀದಿಸಿದ ಬಿಲ್ಲು ಕಡತದಲ್ಲಿ ಇರಬಹುದು, ಕೈಯಲ್ಲಿ ಇರುವುದು ಅಪರೂಪ. ಹಿಂದಿನ ದಿನ ಮಧ್ಯಾಹ್ನ ಯಾರದೋ ಬಾಯಿಂದ ಬಂದದ್ದನ್ನು ಮರುದಿನ ಬೆಳಿಗ್ಗೆ ಮೊಣಕಾಲೂರಿ, ಮುಖವನ್ನು ಗೋಡೆಯ ಹತ್ತಿರ ತಂದು, ಬರಿಗೈಯಿಂದ ಉಜ್ಜುತ್ತಾರೆ. ಕಲೆ ಹೋಗದಿದ್ದರೆ ಕೆಲಸ ಮಾಡಿಲ್ಲವೆಂಬ ಮಾತು ಅವರಿಗೇ. ಆ ಮಾತನ್ನು ಆಡುವವರ ಬಾಯಿಯೂ ಕೆಲವೊಮ್ಮೆ ಕೆಂಪಗೇ ಇರುತ್ತದೆ. ಈ ಕೆಲಸಕ್ಕೆ ಬರುವವರು ಊರಿನ ಯಾವ ಕೇರಿಯವರು ಎಂಬುದು ಪ್ರತಿಯೊಬ್ಬ ಸದಸ್ಯರಿಗೂ ಗೊತ್ತಿದೆ. ಉಗಿಯುವವನು ತಾನು ಗೋಡೆಗೆ ಉಗಿದೆನೆಂದು ಭಾವಿಸುತ್ತಾನೆ. ವಾಸ್ತವದಲ್ಲಿ ಅದು ಬೀಳುವುದು ಒಬ್ಬ ವ್ಯಕ್ತಿಯ ಕೈಮೇಲೆ, ಹದಿನೈದು ಹದಿನಾರು ಗಂಟೆ ತಡವಾಗಿ.

ಇಲ್ಲಿಯೇ ಒಂದು ಅಪಾಯವನ್ನು ಹೇಳಬೇಕು. ಕಲೆ ಹೋಗಲೆಂದು ಮೊದಲು ಬ್ಲೀಚಿಂಗ್ ಪುಡಿ ಎರಚಿ, ಅದಕ್ಕೂ ಜಗ್ಗದಿದ್ದರೆ ಶೌಚಾಲಯಕ್ಕೆ ತಂದಿಟ್ಟ ಆ್ಯಸಿಡ್ಡನ್ನು ಅದರ ಮೇಲೆಯೇ ಸುರಿಯುವುದುಂಟು. ಬ್ಲೀಚಿಂಗ್ ಪುಡಿಗೆ ಆ್ಯಸಿಡ್ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಕಿಟಕಿಯಿಲ್ಲದ ಮೆಟ್ಟಿಲ ಕೆಳಗೆ ಬಗ್ಗಿ ಉಜ್ಜುತ್ತಿರುವವರ ಶ್ವಾಸಕೋಶಕ್ಕೆ ಅದು ವಿಷ. ಎರಡನ್ನೂ ಒಂದೇ ಕಡೆ ಬಳಸಬಾರದೆಂದು ಇಂದೇ ತಿಳಿಸುವುದು ಅಧ್ಯಕ್ಷರ ಕರ್ತವ್ಯ, ಇದಕ್ಕೆ ನಿರ್ಣಯದ ಅಗತ್ಯವಿಲ್ಲ.

ಈವರೆಗೆ ನಡೆದ ಪ್ರಯತ್ನಗಳು ಹಲವು. ದಂಡದ ಮೊತ್ತ ಬರೆದ ಫಲಕಗಳಿವೆ. ಕೆಲವು ಕಡೆ ಆ ಫಲಕದ ಮೇಲೆಯೇ ಕಲೆಯಿದೆ. ಮೂಲೆಗಳಿಗೆ ದೇವರ ಚಿತ್ರದ ಟೈಲ್ಸ್ ಅಂಟಿಸುವುದು ಇನ್ನೊಂದು ಉಪಾಯ. ಟೈಲ್ಸ್ ಇರುವಷ್ಟು ಜಾಗ ಶುಚಿಯಾಗಿ ಉಳಿಯುವುದು ನಿಜ. ಉಗುಳು ಮಾತ್ರ ನಿಲ್ಲುವುದಿಲ್ಲ, ಮುಂದಿನ ತಿರುವಿಗೆ ಸ್ಥಳಾಂತರವಾಗುತ್ತದೆ. ಯಾವ ದೇವರು, ಯಾವ ಧರ್ಮದವರ ಚಿಹ್ನೆ, ಎಷ್ಟು ಎತ್ತರದಲ್ಲಿ ಎಂಬ ತಕರಾರು ಬೇರೆ. ಟೈಲ್ಸ್ ಒಡೆದ ದಿನ ಅದನ್ನು ಕೀಳಲು ಯಾರೂ ಒಪ್ಪುವುದಿಲ್ಲ. ದೇವರನ್ನು ಮೆಟ್ಟಿಲ ಮೂಲೆಯ ಕಾವಲಿಗೆ ನಿಲ್ಲಿಸುವುದರಲ್ಲಿ ಭಕ್ತಿ ಎಷ್ಟಿದೆ ಎಂಬುದನ್ನೂ ಯೋಚಿಸಬೇಕು. ಉಗಿಯುವವರ ಫೋಟೊ ತೆಗೆದು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಕೆಂಬ ಸಲಹೆ ಯುವಕರಿಂದ ಬರುತ್ತದೆ. ಅದನ್ನು ಒಪ್ಪಬಾರದು. ಫೋಟೊ ಬೀಳುವುದು ಬಡವನದು, ಎದುರು ಪಕ್ಷದವನದು, ಉಳಿಯುವುದು ಜಗಳ.

ಕಾನೂನು ಇಲ್ಲವೆನ್ನುವಂತಿಲ್ಲ. 2003ರ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಅಧಿನಿಯಮಕ್ಕೆ ರಾಜ್ಯವು ತಂದ ತಿದ್ದುಪಡಿ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಸಾರ್ವಜನಿಕ ಸ್ಥಳದಲ್ಲಿ ತಂಬಾಕು ಉಗಿಯುವುದೂ ಅದರಂತೆ ಅಪರಾಧ, ದಂಡ 1000 ರೂಪಾಯಿಯವರೆಗೆ. ತಂಬಾಕು ಮಾರಾಟಕ್ಕೆ ವಯಸ್ಸಿನ ಮಿತಿ 21 ವರ್ಷಕ್ಕೆ ಏರಿದೆ. ಆದರೆ ದಂಡದ ರಶೀದಿ ಪುಸ್ತಕ ಖಾಲಿ ಉಳಿಯುವುದೇಕೆ ಎಂಬುದಕ್ಕೆ ಕಾನೂನಿನಲ್ಲಿ ಉತ್ತರವಿಲ್ಲ. ಅನೇಕ ಕಚೇರಿಗಳಲ್ಲಿ ಅತಿ ಗಾಢವಾದ ಕಲೆ ಇರುವುದು ಸಭಾಂಗಣದ ಕಿಟಕಿಯ ಕೆಳಗೆ, ಹೊರಗೋಡೆಯ ಮೇಲೆ. ಸಭಾಂಗಣದಲ್ಲಿ ಕುಳಿತುಕೊಳ್ಳುವವರು ಗ್ರಾಮಸ್ಥರಲ್ಲ. ಮೊದಲ ರಶೀದಿಯನ್ನು ಯಾರ ಹೆಸರಿಗೆ ಹರಿಯಬೇಕಾಗುತ್ತದೆ ಎಂದು ಕರವಸೂಲಿಗಾರನಿಗೆ ಗೊತ್ತಿರುವುದರಿಂದಲೇ ಆತ ಯಾರ ಹೆಸರಿಗೂ ಹರಿಯುವುದಿಲ್ಲ.

ರೋಗದ ವಿಷಯದಲ್ಲಿ ಉತ್ಪ್ರೇಕ್ಷೆ ಸಲ್ಲದು. ಗೋಡೆಯ ಮೇಲೆ ಒಣಗಿದ ಎಲೆ ಅಡಿಕೆಯ ಕಲೆಯಿಂದ ಕ್ಷಯ ಬರುತ್ತದೆಂದು ಹೆದರಿಸುವ ಭಾಷಣಗಳಿವೆ. ಕ್ಷಯರೋಗ ಮುಖ್ಯವಾಗಿ ಹರಡುವುದು ರೋಗಿ ಕೆಮ್ಮಿದಾಗ ಗಾಳಿಗೆ ಸೇರುವ ಸೂಕ್ಷ್ಮ ಕಣಗಳಿಂದ. ಅಪಾಯ ಇರುವುದು ಬೇರೆ ರೀತಿಯಲ್ಲಿ, ಅದು ಹೆಚ್ಚು ಗಂಭೀರ. ಬೆಳಗಿನಿಂದ ಸಂಜೆಯವರೆಗೆ ಎಲ್ಲರೂ ಕ್ಯಾಕರಿಸಿ ಉಗಿಯುವ ಊರಿನಲ್ಲಿ ನಿಜವಾದ ರೋಗಿಯ ಕೆಮ್ಮು ಯಾರ ಕಿವಿಗೂ ಬೀಳುವುದಿಲ್ಲ. ಎರಡು ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತ, ಸಂಜೆಯ ಜ್ವರ, ತೂಕ ಇಳಿಕೆ, ಇವು ಪರೀಕ್ಷೆಗೆ ಹೋಗಬೇಕಾದ ಲಕ್ಷಣಗಳು. ಎಲೆ ಅಡಿಕೆ ಜಗಿಯುವವನ ಉಗುಳು ಮೊದಲೇ ಕೆಂಪು. ಕಫದಲ್ಲಿ ರಕ್ತ ಬಂದರೂ ಅವನ ಕಣ್ಣಿಗೇ ಅದು ಬೇರೆಯಾಗಿ ಕಾಣುವುದಿಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ಭಾರತದಲ್ಲಿದೆ. 2023ರ ಮಾರ್ಚ್ 24ರಂದು ಆರಂಭವಾದ ಕ್ಷಯಮುಕ್ತ ಪಂಚಾಯತಿ ಕಾರ್ಯಕ್ರಮವು ಪ್ರತಿ 1000 ಜನರಿಗೆ ವರ್ಷದಲ್ಲಿ ಕನಿಷ್ಠ 30 ಮಂದಿ ಶಂಕಿತರ ಪರೀಕ್ಷೆಯನ್ನು ಒಂದು ಮಾನದಂಡವಾಗಿ ಇಟ್ಟಿದೆ. ಆ ಸಂಖ್ಯೆ ತುಂಬುವುದು ಆಶಾ ಕಾರ್ಯಕರ್ತೆಯೊಬ್ಬರಿಂದ ಆಗುವ ಕೆಲಸವಲ್ಲ. ತಮ್ಮ ವಾರ್ಡಿನಲ್ಲಿ ಯಾರು ರಾತ್ರಿಯಿಡೀ ಕೆಮ್ಮುತ್ತಾರೆ ಎಂಬುದು ಸದಸ್ಯರಿಗೆ ಗೊತ್ತಿರುತ್ತದೆ. ಆ ಕಫ ಸೇರಬೇಕಾದ್ದು ಪ್ರಾಥಮಿಕ ಆರೋಗ್ಯ ಕೇಂದ್ರ ಕೊಡುವ ಮುಚ್ಚಳದ ಡಬ್ಬಿಗೆ. ಪರೀಕ್ಷೆಯೂ ಔಷಧವೂ ಉಚಿತ.

ಜಗಿಯುವವರ ಆರೋಗ್ಯವನ್ನೂ ಒಂದು ಮಾತಿನಲ್ಲಿ ಹೇಳಿಬಿಡಬಹುದು. ಹೊಗೆಸೊಪ್ಪಿನ ಕೇಡು ಎಲ್ಲರಿಗೂ ತಿಳಿದದ್ದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಸೇರಿಸಿದೆ. ಕೆನ್ನೆಯ ಒಳಪದರ ಬಿಗಿದು ಬಾಯಿ ತೆರೆಯಲಾಗದ ಯುವಕರು ಪ್ರತಿಯೊಂದು ದಂತ ವೈದ್ಯಕೀಯ ಆಸ್ಪತ್ರೆಗೂ ಬರುತ್ತಾರೆ.

ಕಟ್ಟಡದ ಮಟ್ಟದಲ್ಲಿ ಮಾಡಬಹುದಾದದ್ದು ಸ್ವಲ್ಪವೇ, ಆದರೆ ಖರ್ಚು ಕಡಿಮೆ. ಜನ ಉಗಿಯುವುದು ಕತ್ತಲೆಯ, ಮೊದಲೇ ಕಲೆಯಾದ ಮೂಲೆಗೆ. ಆದ್ದರಿಂದ ಮೆಟ್ಟಿಲ ತಿರುವಿಗೆ ಒಂದು ದೀಪ, ನೆಲದಿಂದ 4 ಅಡಿ ಎತ್ತರದವರೆಗೆ ಬಿಳಿಯ ಹೊಳಪಿನ ಟೈಲ್ಸ್. ಅದರ ಮೇಲೆ ಬಿದ್ದದ್ದು ಒದ್ದೆ ಬಟ್ಟೆಯಿಂದ ಹೋಗುತ್ತದೆ. ಮರಳು ತುಂಬಿದ ಉಗುಳು ಡಬ್ಬಿ ಬೇಡ, ಅದನ್ನು ಬರಿದು ಮಾಡಬೇಕಾದವರು ಮತ್ತೆ ಅದೇ ಸ್ವಚ್ಛತಾಗಾರರು. ಅದರ ಬದಲು ಕಚೇರಿಯ ಪ್ರವೇಶದ್ವಾರದ ಹೊರಗೆ, ಒಳಗೆ ಬರುವವರ ಕಣ್ಣಿಗೆ ಬೀಳುವಂತೆ, ನೆಲಮಟ್ಟದ ಒಂದು ತೊಟ್ಟಿ, ಮೇಲೊಂದು ನಲ್ಲಿ. ಉಗಿದವನೇ ನಲ್ಲಿ ತಿರುಗಿಸಿ ಹರಿಸಿ ಹೋಗಬೇಕು. ಕೈತೊಳೆಯುವ ಬೇಸಿನ್ ಇಟ್ಟರೆ ಅದರ ಸಣ್ಣ ಪೈಪು ಅಡಿಕೆ ಚೂರಿನಿಂದ ವಾರದೊಳಗೆ ಕಟ್ಟಿಕೊಳ್ಳುತ್ತದೆ. ತೊಟ್ಟಿಗೆ 4 ಇಂಚಿನ ಪೈಪು ಹಾಕಿ ಇಂಗುಗುಂಡಿಗೆ ಸೇರಿಸಬೇಕು. ಇಂಗುಗುಂಡಿ ಕೊಳವೆಬಾವಿಯಿಂದ ದೂರವಿರಲಿ.

ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಇದನ್ನು ಸೇರಿಸುವ ಪಂಚಾಯತಿಗಳು ಮೊದಲು ಎರಡು ಕೆಲಸ ಮುಗಿಸಿಕೊಳ್ಳುವುದು ಸೂಕ್ತ. ಸ್ವಚ್ಛತಾಗಾರರಿಗೆ ಮೊಣಕೈವರೆಗಿನ ರಬ್ಬರ್ ಕೈಗವಸು, ಉದ್ದ ಹಿಡಿಯ ಬ್ರಷ್ ಮತ್ತು ಬೂಟು ಸಭೆಗೆ ಮುನ್ನವೇ ತಲುಪಿರಬೇಕು. ಹಾಗೆಯೇ ಸಭಾಂಗಣದ ಕಿಟಕಿಯ ಕೆಳಗಿನ ಹೊರಗೋಡೆಯನ್ನು ಸದಸ್ಯರೇ ಒಂದು ಬೆಳಿಗ್ಗೆ ನಿಂತು ಉಜ್ಜಬೇಕು. ಇದಕ್ಕೆ ಫೋಟೊ ಬೇಡ, ವರದಿ ಬೇಡ. ಸ್ವಚ್ಛತಾಗಾರರಿಗೆ ಆ ದಿನ ರಜೆ ಕೊಡಬೇಕು. ದಂಡದ ಮೊತ್ತ, ತೊಟ್ಟಿಯ ಅಂದಾಜು, ಕೆಮ್ಮುವವರ ಪರೀಕ್ಷೆಯ ದಿನಾಂಕ ಇವನ್ನು ಅದರ ಅನಂತರ ಚರ್ಚೆಗೆ ತೆಗೆದುಕೊಳ್ಳಬಹುದು.