ಹಾಯಿದೋಣಿಯಲ್ಲಿ ಸಿಹಿನೀರು



1968ನೆಯ ಇಸವಿ ಜೂನ್ 14ರಂದು ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ನಾವಿಕರು ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಏಕಾಕಿಯಾಗಿ ಹೊರಟರು. ಎಲ್ಲಿಯೂ ನಿಲ್ಲದೆ, ಯಾರ ಸಹಾಯವನ್ನೂ ಪಡೆಯದೆ ಭೂಮಂಡಲವನ್ನು ಸುತ್ತಿಬರಬೇಕೆಂಬುದು ಅವರ ಸಂಕಲ್ಪ. ಅವರು ಏರಿದ್ದ 'ಸುಹೈಲಿ'ಯು ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ, 32 ಅಡಿ ಉದ್ದದ ಹಾಯಿದೋಣಿ. ದಕ್ಷಿಣ ಸಮುದ್ರದ ಬಿರುಗಾಳಿಗೆ ಸಿಕ್ಕಿದ ಮೇಲೆ ನೋಡುತ್ತಾರೆ, ತೊಟ್ಟಿಗಳಲ್ಲಿದ್ದ ಕುಡಿಯುವ ನೀರು ಕೆಟ್ಟುಹೋಗಿದೆ! ಬಂದರಿಗೆ ಹೋದರೆ ನೀರು ಸಿಕ್ಕೀತು, ಸಂಕಲ್ಪವು ಮುರಿದೀತು. ಅವರ ಕೈಯಲ್ಲಿ ಉಳಿದದ್ದು ಬೇರೆಯಾಗಿ ಡಬ್ಬಗಳಲ್ಲಿ ತುಂಬಿಟ್ಟಿದ್ದ ಸ್ವಲ್ಪ ನೀರು, ಮತ್ತು ಮೇಲೆ ಆಕಾಶ.

ಸಮುದ್ರದ ನೀರನ್ನೇ ಕುಡಿಯಬಾರದೇ ಎಂದು ಕೇಳುವವರುಂಟು. ಅದರ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ನಮ್ಮ ಮೂತ್ರಪಿಂಡಗಳು ಅಷ್ಟು ಗಾಢವಾದ ಉಪ್ಪುನೀರನ್ನು ಹೊರಕ್ಕೆ ಹಾಕಲಾರವು. ಆ ಉಪ್ಪನ್ನು ಕಳೆಯುವುದಕ್ಕೆ ಕುಡಿದುದಕ್ಕಿಂತ ಹೆಚ್ಚು ನೀರು ದೇಹದಿಂದಲೇ ವ್ಯಯವಾಗಬೇಕು. ಕುಡಿದಷ್ಟೂ ಬಾಯಾರಿಕೆ ಬಲಿಯುವುದು.

ಹಾಗಾದರೆ ಎಷ್ಟು ನೀರನ್ನು ಒಯ್ಯಬೇಕು? ನಾಲ್ವರು 25 ದಿನಗಳ ಯಾನಕ್ಕೆ ಹೊರಡುವರೆಂದು ಇಟ್ಟುಕೊಳ್ಳೋಣ. ಕುಡಿಯುವುದಕ್ಕೂ ಅಡಿಗೆಗೂ ಸೇರಿ ತಲೆಗೆ ದಿನಕ್ಕೆ ಮೂರು ಲೀಟರಿನಂತೆ 300 ಲೀಟರಾಯಿತು. ಗಾಳಿಯು ನಮ್ಮ ಪಂಚಾಂಗವನ್ನು ನೋಡಿ ಬೀಸುವುದಿಲ್ಲವಾದುದರಿಂದ ಅರ್ಧದಷ್ಟನ್ನು ಕೂಡಿಸಿದರೆ 450 ಲೀಟರು, ಎಂದರೆ 450 ಕಿಲೋಗ್ರಾಂ. ಇದು ಆರು ಮಂದಿ ಆಳುಗಳ ತೂಕ. ಚಿಕ್ಕ ದೋಣಿಗೆ ಇದೇನೂ ಹಗುರವಾದ ಹೊರೆಯಲ್ಲ. ಆದಷ್ಟು ತಳದಲ್ಲಿ, ನಡುಭಾಗದಲ್ಲಿ ಇಡತಕ್ಕದ್ದು. ತೊಟ್ಟಿಯೊಳಗೆ ಅಡ್ಡಹಲಗೆಗಳಿಲ್ಲದಿದ್ದರೆ, ದೋಣಿ ಹೊರಳಿದಾಗಲೆಲ್ಲ ನೀರೂ ಆ ಕಡೆಗೇ ನುಗ್ಗಿ ಅದನ್ನು ಇನ್ನಷ್ಟು ವಾಲಿಸುವುದು.

ಎಲ್ಲಕ್ಕಿಂತ ಮುಖ್ಯವಾದುದು, ಎಲ್ಲ ನೀರನ್ನೂ ಒಂದೇ ತೊಟ್ಟಿಯಲ್ಲಿ ತುಂಬದಿರುವುದು. ಒಂದು ಸೀಳಿದರೆ, ಒಂದಕ್ಕೆ ಉಪ್ಪುನೀರು ಸೇರಿದರೆ, ಮತ್ತೊಂದು ಉಳಿದಿರಬೇಕು. ಸುಹೈಲಿಯ ನಾವಿಕರನ್ನು ಕಾಪಾಡಿದ್ದು ಆ ಬೇರೆ ಡಬ್ಬಗಳೇ.

ಇನ್ನು ಖರ್ಚಿನ ವಿಚಾರ. ಮನೆಯಲ್ಲಿ ನಲ್ಲಿಯನ್ನು ತಿರುಗಿಸಿ ಮರೆಯುವ ಅಭ್ಯಾಸವುಳ್ಳ ನಮ್ಮಂಥವರು ದೋಣಿಯಲ್ಲಿ ಬಹಳ ಅಪಾಯಕಾರಿಗಳು! ವಿದ್ಯುತ್ ಪಂಪಿನ ನಲ್ಲಿಗಿಂತ ಕಾಲಿನಿಂದ ತುಳಿಯುವ ಪಂಪು ಲೇಸು. ತುಳಿದಷ್ಟೇ ನೀರು ಬರುವುದರಿಂದ ಕಾಲೇ ಲೆಕ್ಕವಿಡುತ್ತದೆ. ಪಾತ್ರೆ ತೊಳೆಯಲು, ಸ್ನಾನಕ್ಕೆ ಸಮುದ್ರದ ನೀರೇ ಸಾಕು. ಕಡೆಯಲ್ಲಿ ಒಂದು ಲೋಟ ಸಿಹಿನೀರಿನಿಂದ ಮೈಯ ಉಪ್ಪನ್ನು ಒರಸಿಕೊಳ್ಳಬಹುದು. ಆಲೂಗೆಡ್ಡೆ ಬೇಯಿಸುವ ನೀರಿಗೆ ಉಪ್ಪಿನ ಬದಲು ಸ್ವಲ್ಪ ಸಮುದ್ರವನ್ನೇ ಬೆರಸುವರು.

ಮಳೆಯನ್ನು ಹಿಡಿಯುವುದು ಒಂದು ವಿದ್ಯೆಯೇ ಸರಿ. ದೊಡ್ಡ ಹಾಯಿಯ ಕೆಳಗಿನ ಅಡ್ಡಮರದ ಹೊರತುದಿಯನ್ನು ಮೇಲಕ್ಕೆತ್ತಿದರೆ, ಹಾಯಿಯ ಮೇಲೆ ಬಿದ್ದ ನೀರೆಲ್ಲವೂ ಕೂವೆಯ ಮರದ ಕಡೆಗೆ ಹರಿದು ಅಲ್ಲಿ ತೂಗುಹಾಕಿದ ಬಕೆಟ್ಟಿಗೆ ಸುರಿಯುವುದು. ಮೊದಲ ಮಳೆಯನ್ನು ಚೆಲ್ಲತಕ್ಕದ್ದು; ಅದು ಹಾಯಿಗೆ ಹತ್ತಿದ ಉಪ್ಪನ್ನು ತೊಳೆದ ನೀರು. ಪ್ರತಿಯೊಂದು ಬಕೆಟ್ಟನ್ನೂ ನಾಲಗೆಯಿಂದ ಪರೀಕ್ಷಿಸಿಯೇ ತೊಟ್ಟಿಗೆ ಹಾಕಬೇಕು. ಇಂಥ ಮಳೆನೀರಿನ ಆಧಾರದಿಂದಲೇ ಸುಹೈಲಿಯು ಮುಂದುವರಿದು, 312 ದಿನಗಳ ತರುವಾಯ, 1969ರ ಏಪ್ರಿಲ್ 22ರಂದು ಫಾಲ್ಮತ್ತನ್ನು ಸೇರಿತು.

ಈಗ ಉಪ್ಪುನೀರನ್ನು ಸಿಹಿಗೊಳಿಸುವ ಯಂತ್ರಗಳು ಚಿಕ್ಕ ದೋಣಿಗಳಲ್ಲೂ ಬಂದಿವೆ. ವಾಯುಮಂಡಲದ ಒತ್ತಡದ ಐವತ್ತು ಪಾಲಿಗೂ ಮೀರಿದ ಒತ್ತಡದಿಂದ ಅವು ಸಮುದ್ರಜಲವನ್ನು ಸೂಕ್ಷ್ಮವಾದ ಪೊರೆಯೊಂದಕ್ಕೆ ನೂಕುವುವು; ನೀರು ದಾಟುವುದು, ಉಪ್ಪು ಹಿಂದುಳಿಯುವುದು. ಬಹು ಉಪಕಾರಿಯಾದ ಯಂತ್ರ. ಆದರೆ ಬಂದರಿನ ನೀರಿನಲ್ಲಿ ತೇಲುವ ಎಣ್ಣೆಯು ಆ ಪೊರೆಯನ್ನು ಹಾಳುಮಾಡುವುದು. ತೊಟ್ಟಿಯನ್ನು ಶುದ್ಧಿಗೊಳಿಸುವ ಕ್ಲೋರಿನ್ನಿಗೂ ಅದಕ್ಕೂ ಹಗೆ. ಅಲ್ಲದೆ ಬ್ಯಾಟರಿ ಸತ್ತರೆ ಯಂತ್ರವೂ ಸತ್ತಂತೆ. ಆದುದರಿಂದ ಯಂತ್ರವಿದೆಯೆಂದು ತೊಟ್ಟಿಯನ್ನು ಬರಿದಾಗಗೊಡುವುದನ್ನು ನಾವು ಒಪ್ಪಲಾರೆವು.

ಕೊನೆಯದಾಗಿ, ದೋಣಿಯನ್ನೇ ತೊರೆಯಬೇಕಾದ ಗಳಿಗೆಗಾಗಿ ಎರಡು ಮೂರು ಡಬ್ಬಗಳನ್ನು ಕೈಗೆಟಕುವಲ್ಲಿ ಕಟ್ಟಿಡುವುದುಂಟು. ಅವನ್ನು ಕಂಠಪೂರ್ತಿ ತುಂಬುವುದಿಲ್ಲ. ಒಳಗೆ ಒಂದಿಷ್ಟು ಗಾಳಿಯನ್ನು ಬಿಟ್ಟರೆ, ಕೈಜಾರಿ ಸಮುದ್ರಕ್ಕೆ ಬಿದ್ದರೂ ಅವು ತೇಲುತ್ತಿರುವುವು.