ಮನೆ ಬಿಟ್ಟು ಬಂದವಳಿಗೆ ಯಾವ ಯೋಜನೆ?

(ಹೊಸಕೆರೆಹಳ್ಳಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದವಳು ನಾನು. ಬಡತನದ ರೇಖೆ ಅಂತ ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಆದರೆ ಸರ್ಕಾರದ ಯೋಜನೆ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ನನಗೆ ಕಲಿಸಿದ್ದು ನಮ್ಮ ಬೀದಿಯ ಒಬ್ಬ ಹೆಣ್ಣುಮಗಳು. ಹೆಸರು ಬೇಡ.

ಮದುವೆಯಾಗಿ ಆರು ವರ್ಷ. ತಂದದ್ದು ಸಾಲದು, ಬೈಕ್ ಬೇಕು ಅಂತ ಗಂಡ ಹೊಡೆಯುತ್ತಿದ್ದ. ಒಂದು ರಾತ್ರಿ ತಲೆಗೆ ಏಟು ಬಿತ್ತು. ಬೆಳಗಿನ ಜಾವ ಮಗುವನ್ನು ಎತ್ತಿಕೊಂಡು, ಆಧಾರ್ ಕಾರ್ಡ್ ಒಂದನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮಂಡ್ಯ ಕಡೆಯಿಂದ ಬಸ್ ಹತ್ತಿ ತವರಿಗೆ ಬಂದಳು. ಕೈಯಲ್ಲಿ ಕಾಸಿರಲಿಲ್ಲ, ಬೇಕಾಗಲೂ ಇಲ್ಲ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಸಿಕ್ಕಿತು.

ಕಷ್ಟ ಶುರುವಾದದ್ದು ಇಳಿದ ಮೇಲೆ. ಅವಳ ಹೆಸರು ಇರುವುದು ಅತ್ತೆಯ ಪಡಿತರ ಚೀಟಿಯಲ್ಲಿ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಬರುವುದು ಚೀಟಿಯಲ್ಲಿ ಯಜಮಾನಿ ಎಂದಿರುವ ಅತ್ತೆಯ ಖಾತೆಗೆ. ಇವಳ ಪಾಲಿನ ಅಕ್ಕಿ, ಮಗುವಿನ ಪಾಲಿನ ಅಕ್ಕಿ ಎರಡೂ ಅಲ್ಲೇ. ಬೇರೆ ಚೀಟಿ ಕೇಳಲು ಹೋದರೆ ಕಚೇರಿಯಲ್ಲಿ, "ಡಿವೋರ್ಸ್ ಕಾಗದ ತಾ, ಮೊದಲು ಅಲ್ಲಿ ಹೆಸರು ತೆಗೆಸಿ ಬಾ" ಎಂದರು. ಹೊಡೆದವನ ಮನೆಗೇ ಹೋಗಿ ಹೆಸರು ತೆಗೆಸಬೇಕಂತೆ! ಅವಳು ನನಗೆ ಹೇಳಿದ್ದಿಷ್ಟು: "ಬಸ್ಸಲ್ಲಿ ಗಂಡ ಎಲ್ಲಿ ಅಂತ ಯಾರೂ ಕೇಳಲಿಲ್ಲ ಮೇಡಂ. ಇಳಿದ ಮೇಲೆ ಎಲ್ಲರೂ ಅದನ್ನೇ ಕೇಳ್ತಾರೆ."

ನನ್ನ ಅಷ್ಟು ವರ್ಷದ ಪಾಠ ಆ ಎರಡು ಮಾತಿನಲ್ಲಿತ್ತು. ಶಕ್ತಿ ಯೋಜನೆ ನೋಡುವುದು ಒಬ್ಬ ಹೆಣ್ಣನ್ನು. ಈ ರಾಜ್ಯದವಳೆಂಬ ಗುರುತು ಸಾಕು. ಗೃಹಲಕ್ಷ್ಮಿ ನೋಡುವುದು ಕುಟುಂಬವನ್ನು. ಕುಟುಂಬವೇ ಹೊಡೆದು ಓಡಿಸಿದರೆ?

ಗೃಹಲಕ್ಷ್ಮಿ ಕೆಟ್ಟದ್ದು ಎನ್ನುತ್ತಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ, ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ ಎಂದಿತು. ಗಂಡಸೇ ಯಜಮಾನ ಎಂಬ ರೂಢಿಗೆ ಅದು ಸಣ್ಣ ಪೆಟ್ಟಲ್ಲ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ, ಔಷಧಿಗೆ ಮಗನ ಮುಂದೆ ಕೈಚಾಚುವುದು ತಪ್ಪಿತು ಎಂದ ಅತ್ತೆಯರು ಈ ಸಭೆಯಲ್ಲೇ ಇದ್ದೀರಿ. ಆ ಹಣ ಕಿತ್ತು ಸೊಸೆಗೆ ಕೊಡಿ ಎನ್ನುವ ಮೂರ್ಖತನ ನನ್ನದಲ್ಲ. ಮನೆಯಿಂದ ಹೊರಬಿದ್ದ ಸೊಸೆಯನ್ನೂ ಇನ್ನೊಬ್ಬ ಯಜಮಾನಿ ಎಂದು ಎಣಿಸಿ ಅನ್ನುವುದಷ್ಟೇ ಬೇಡಿಕೆ. ಮನಸ್ವಿನಿ ಪಿಂಚಣಿ ಇದೆಯಲ್ಲ ಎನ್ನಬಹುದು. ಅದು 40ರಿಂದ 64 ವರ್ಷದ ಅವಿವಾಹಿತ, ವಿಚ್ಛೇದಿತ ಬಡ ಹೆಂಗಸರಿಗೆ. ಇವಳಿಗೆ ಇಪ್ಪತ್ತೇಳು, ವಿಚ್ಛೇದನವಾಗಿಲ್ಲ. ಪಕ್ಕದ ತಮಿಳುನಾಡಿನಲ್ಲಿ ಗಂಡ ಬಿಟ್ಟ ಹೆಂಗಸರಿಗೆಂದೇ ಪಿಂಚಣಿ ಇದೆ.

ಯೋಜನೆ ಮಾಡುವವರಿಗೆ ಕಾಗದದ ಮೇಲೆ ಬಹಳ ಪ್ರೀತಿ. ನ್ಯಾಯಾಲಯದ ಕಾಗದ ಬರಲು ವರ್ಷಗಳು ಬೇಕು, ಹಸಿವಿಗೆ ಸಂಜೆಯವರೆಗೂ ತಾಳ್ಮೆ ಇಲ್ಲ. ಆದರೆ ಬೇಗ ಸಿಗಬಹುದಾದ ಒಂದು ಕಾಗದವೂ ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ಇದ್ದಾರೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೇ ಆ ಹೊಣೆ ಕೊಟ್ಟಿದ್ದಾರೆ. ಹೆಣ್ಣು ಹೇಳಿದ್ದನ್ನು ಅವರು ಕೌಟುಂಬಿಕ ಘಟನೆಯ ವರದಿಯಾಗಿ ಬರೆದುಕೊಳ್ಳಬೇಕು. ಆ ವರದಿ ಇದ್ದರೆ ಸಾಕು, ಅವಳಿಗೂ ಮಕ್ಕಳಿಗೂ ಬೇರೆ ಚೀಟಿ, ಆ ಚೀಟಿಗೆ ಗೃಹಲಕ್ಷ್ಮಿ ಕೊಡಿ ಎಂದು ನಾವು ಕೇಳಬೇಕು. ಗೃಹಲಕ್ಷ್ಮಿ ನಡೆಸುವ ಮಹಿಳಾ ಮತ್ತು ಮಕ್ಕಳ ಇಲಾಖೆಯ ಅಧಿಕಾರಿಯೇ ಈ ವರದಿ ಬರೆಯುವವರು. ಒಂದೇ ಇಲಾಖೆಯ ಒಂದು ಮೇಜಿನ ಕಾಗದವನ್ನು ಇನ್ನೊಂದು ಮೇಜು ನಂಬಲಾರದೇ?

ಅಲ್ಲಿಯವರೆಗೆ ಕೈಲಾದದ್ದನ್ನು ಮಾಡೋಣ. ನಮ್ಮ ರಾಜ್ಯ 2020ರ ಜನವರಿಯಿಂದ 'ಒಂದು ದೇಶ, ಒಂದು ಪಡಿತರ ಚೀಟಿ' ವ್ಯವಸ್ಥೆಯಲ್ಲಿದೆ. ಊರಿನ ಚೀಟಿಯ ಪಾಲಿನಲ್ಲಿ ಒಂದಿಷ್ಟನ್ನು ಅವಳು ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತಿ ತರಬಹುದು. ಆದರೆ ಅತ್ತೆ ಮನೆಯವರು ಮೊದಲೇ ಎಲ್ಲ ತಂದುಬಿಟ್ಟರೆ ಇವಳಿಗೆ ಇಲ್ಲ, ಹಾಗಾಗಿ ತಿಂಗಳ ಮೊದಲ ವಾರವೇ ಹೋಗಬೇಕು. ಇನ್ನೊಂದು, ನಿಮ್ಮೆಲ್ಲರಿಗೂ: ನಿಮ್ಮ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿ. ಸರ್ಕಾರದ ಹಣ ಆ ಖಾತೆಗೇ ಹೋಗುತ್ತದೆ. ಅದರ ಎಟಿಎಂ ಕಾರ್ಡ್ ಗಂಡನ ಜೇಬಿನಲ್ಲಿದ್ದರೆ, ಹೆಸರು ನಿಮ್ಮದಿದ್ದು ಏನು ಬಂತು?

ಮನವಿಯ ಕರಡು ತಂದಿದ್ದೇನೆ, ಈಗ ಓದುತ್ತೇನೆ. ನಿಮ್ಮ ನಿಮ್ಮ ಸಂಘದಲ್ಲಿ ಇಂಥ ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೆಂದು ಬರುವ ಶನಿವಾರದೊಳಗೆ ಎಣಿಸಿಕೊಂಡು ಬನ್ನಿ. ಹೆಸರು ಬರೆಯಬೇಡಿ, ಸಂಖ್ಯೆ ಸಾಕು.